ಬಳ್ಳಾರಿ ಬಿಸಿಲಿನಲ್ಲಿ 3.8 ಗಿಗಾಹರ್ಟ್ಸ್: ನನ್ನ ಓವರ್‌ಕ್ಲಾಕಿಂಗ್ ಅನುಭವ

ಓವರ್‌ಕ್ಲಾಕಿಂಗ್ ಅಂದರೆ ಕಂಪ್ಯೂಟರಿನ ಪ್ರೊಸೆಸರನ್ನು ಕಂಪನಿ ಕೊಟ್ಟ ವೇಗಕ್ಕಿಂತ ಜಾಸ್ತಿ ಓಡಿಸುವುದು. ಅದರ ಬಗ್ಗೆ ನಾನು ನೋಡಿದ ವಿಡಿಯೋಗಳಲ್ಲಿ ಹೆಚ್ಚಿನವು ಎಸಿ ರೂಮಿನಲ್ಲೋ ಚಳಿ ದೇಶದಲ್ಲೋ ಮಾಡಿದವು. ಅಲ್ಲಿ ಕೋಣೆಯ ಉಷ್ಣತೆ 21 ಡಿಗ್ರಿ. ನಮ್ಮ ಬಳ್ಳಾರಿಯಲ್ಲಿ ಏಪ್ರಿಲ್ ಮಧ್ಯಾಹ್ನ ಫ್ಯಾನ್ ಕೆಳಗೆ ಕೂತರೂ 40ರ ಹತ್ತಿರ. ಅವರ ನಂಬರುಗಳನ್ನು ತಂದು ಸುಮ್ನೆ ಇಲ್ಲಿ ಹಾಕಿದರೆ ನಡೆಯಲ್ಲ. ನನ್ನ ಮಷೀನಿಗೆ, ನನ್ನ ಕೋಣೆಗೆ ಹೊಂದುವ ಸೆಟ್ಟಿಂಗ್ ಬೇಕಿತ್ತು. ಅದನ್ನು ಹುಡುಕಿದ ಬಗೆ ಇಲ್ಲಿದೆ.

ಪ್ರೊಸೆಸರ್ ಎಎಂಡಿ ರೈಜನ್ 5 1600. 2017ರಲ್ಲಿ ಬಂದದ್ದು. 6 ಕೋರ್ (ಲೆಕ್ಕ ಮಾಡುವ ಘಟಕ), 12 ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಸಾಲು). ಬೇಸ್ ವೇಗ 3.2 ಗಿಗಾಹರ್ಟ್ಸ್, ಬೂಸ್ಟ್ 3.6. ಆದರೆ ಎಲ್ಲಾ ಕೋರ್‌ಗಳಿಗೂ ಕೆಲಸ ಬಿದ್ದಾಗ ನನ್ನದು 3.4ರಲ್ಲೇ ನಿಲ್ಲುತ್ತಿತ್ತು. ನನ್ನ ಕೆಲಸ ಮದುವೆ ವಿಡಿಯೋ ಎಡಿಟಿಂಗ್, ಅಂದರೆ ಎನ್‌ಕೋಡಿಂಗ್ (ಎಡಿಟ್ ಮಾಡಿದ್ದನ್ನು ಕುಗ್ಗಿಸಿ ಕೊನೆಯ ವಿಡಿಯೋ ಫೈಲ್ ಮಾಡುವುದು) ಹಾಕಿದರೆ ಅಷ್ಟೂ ಕೋರ್‌ಗಳು ಗಂಟೆಗಟ್ಟಲೆ ದುಡಿಯಬೇಕು. ಮದುವೆ ಸೀಸನ್ ಯಾವಾಗ? ಏಪ್ರಿಲ್, ಮೇ. ಅದೇ ಸುಡು ಬಿಸಿಲಿನ ತಿಂಗಳುಗಳು! ಜನವರಿಯಲ್ಲಿ ಮಾತ್ರ ಓಡುವ ಓವರ್‌ಕ್ಲಾಕ್ ಕಟ್ಟಿಕೊಂಡು ನನಗೇನು ಪ್ರಯೋಜನ?

ಈ ಚಿಪ್ಪಿನ ದೊಡ್ಡ ಅನುಕೂಲ ಅಂದರೆ ಮಲ್ಟಿಪ್ಲೈಯರ್‌ಗೆ (ಮೂಲ ಕ್ಲಾಕನ್ನು ಎಷ್ಟು ಪಟ್ಟು ಮಾಡಬೇಕು ಅನ್ನುವ ಅಂಕಿ) ಬೀಗ ಹಾಕಿಲ್ಲ. ಆಗ ಇಂಟೆಲ್‌ನಲ್ಲಾದರೆ ಹೆಸರಿನ ಕೊನೆಗೆ 'ಕೆ' ಇರುವ ಚಿಪ್, ಜೊತೆಗೆ 'ಝಡ್' ಸಾಲಿನ ಮದರ್‌ಬೋರ್ಡ್ ಎರಡೂ ಬೇಕಿತ್ತು. ರೈಜನ್‌ಗೆ ಬಿ350 ಬೋರ್ಡ್ ಸಾಕು. ಎ320 ಬೋರ್ಡ್ ತಗೊಂಡವರಿಗೆ ಮಾತ್ರ ಈ ಭಾಗ್ಯ ಇಲ್ಲ. ಮತ್ತೆ ಒಂದು ಮಾತು, ಓವರ್‌ಕ್ಲಾಕ್‌ನಿಂದ ಚಿಪ್ ಸುಟ್ಟರೆ ವಾರಂಟಿ ಸಿಗುವುದಿಲ್ಲ. ನನ್ನದು ವಾರಂಟಿ ಮುಗಿದ ಚಿಪ್, ಹಾಗಾಗಿ ಆ ಚಿಂತೆ ಇರಲಿಲ್ಲ.

ಮೊದಲು ಕೂಲರ್ ಬದಲಾಯಿಸಿದೆ. ಚಿಪ್ ಜೊತೆ ಬಂದಿದ್ದ ರೇತ್ ಸ್ಪೈರ್ ಕೆಟ್ಟದ್ದೇನಲ್ಲ, ಆದರೆ ನಮ್ಮ ಬೇಸಿಗೆಗೆ ಸಾಲದು. 120 ಮಿಲಿಮೀಟರ್ ಫ್ಯಾನ್ ಇರುವ ಸಾಧಾರಣ ಟವರ್ ಕೂಲರ್ ತಂದೆ. ಹಳೆಯದನ್ನು ಬಿಚ್ಚುವಾಗ ತುಂಬಾ ಹುಷಾರಾಗಿರಬೇಕು. ಎಎಂ4 (ಈ ರೈಜನ್ ಕೂರುವ ಸಾಕೆಟ್) ಚಿಪ್ಪಿನ ಹೊಟ್ಟೆಯಲ್ಲಿ 1331 ಪಿನ್‌ಗಳಿವೆ. ಸಾಕೆಟ್ ಅವನ್ನು ಪಕ್ಕದಿಂದ ಹಿಡಿದಿರುತ್ತದೆ ಅಷ್ಟೇ, ಮೇಲಿನಿಂದ ಒತ್ತಿ ಹಿಡಿಯುವ ಪಟ್ಟಿ ಇಲ್ಲ. ಚಿಪ್ಪಿಗೂ ಕೂಲರ್‌ಗೂ ನಡುವೆ ಬಿಸಿ ದಾಟಿಸಲು ಹಚ್ಚುವ ಪೇಸ್ಟ್ ಒಣಗಿ ಅಂಟಿಕೊಂಡಿದ್ದರೆ, ಕೂಲರ್ ಎಳೆದಾಗ ಲಿವರ್ ಹಾಕಿದ್ದರೂ ಚಿಪ್ ಅದರ ಜೊತೆಗೇ ಕಿತ್ತು ಬರುತ್ತದೆ. ಪಿನ್ ಬಗ್ಗಿದರೆ ಕಥೆ ಮುಗೀತು. ನಾನು ಮೊದಲು ಒಂದು ವಿಡಿಯೋ ಎನ್‌ಕೋಡ್ ಹಾಕಿ ಪೇಸ್ಟ್ ಬಿಸಿಯಾಗಿ ಮೆತ್ತಗಾಗಲು ಬಿಟ್ಟೆ. ಆಮೇಲೆ ಶಟ್‌ಡೌನ್ ಮಾಡಿ, ವೈರ್ ಕಿತ್ತು, ನಾಲ್ಕು ಸ್ಕ್ರೂಗಳನ್ನು ಅಡ್ಡಡ್ಡಕ್ಕೆ ಸ್ವಲ್ಪ ಸ್ವಲ್ಪವೇ ಸಡಿಲಿಸಿದೆ. ಮೇಲಕ್ಕೆ ಎಳೆಯದೆ ಕೂಲರನ್ನು ಎಡಕ್ಕೆ ಬಲಕ್ಕೆ ತಿರುಚಿದೆ. ಪೇಸ್ಟಿನ ಹಿಡಿತ ಬಿಟ್ಟದ್ದು ಕೈಗೇ ಗೊತ್ತಾಗುತ್ತದೆ. ಆಗ ಎತ್ತಿದೆ. ಹೊಸ ಪೇಸ್ಟ್ ಬಟಾಣಿ ಕಾಳಿನಷ್ಟು ಹಾಕಿದೆ.

ಇನ್ನು ಬಯಾಸ್, ಅಂದರೆ ವಿಂಡೋಸ್ ಏಳುವ ಮೊದಲೇ ತೆರೆಯುವ ಬೋರ್ಡಿನ ಸೆಟ್ಟಿಂಗ್ ಪುಟ. ಅಲ್ಲಿ ನೂರೆಂಟು ಆಯ್ಕೆಗಳು ಇದ್ದರೂ ನಾನು ಮುಟ್ಟಿದ್ದು ಕೆಲವನ್ನೇ. ಬೇಸ್ ಕ್ಲಾಕ್, ಅಂದರೆ ಮಲ್ಟಿಪ್ಲೈಯರ್ ಗುಣಿಸುವ ಮೂಲ ಕ್ಲಾಕ್, 100 ಮೆಗಾಹರ್ಟ್ಸ್ ಇದ್ದದ್ದನ್ನು ಹಾಗೇ ಬಿಟ್ಟೆ. ಅದನ್ನು ಅಲ್ಲಾಡಿಸಿದರೆ ಬೇರೆ ಭಾಗಗಳ ಕ್ಲಾಕ್ ಕೂಡ ಅಲ್ಲಾಡಬಹುದು, ಡಿಸ್ಕಿನಲ್ಲಿ ಗಿರಾಕಿಗಳ ವಿಡಿಯೋ ಇಟ್ಟುಕೊಂಡು ಆ ಆಟ ಬೇಡ. ಮಲ್ಟಿಪ್ಲೈಯರ್ 36, ಅಂದರೆ 3.6 ಗಿಗಾಹರ್ಟ್ಸ್‌ನಿಂದ ಶುರು ಮಾಡಿದೆ. ವೋಲ್ಟೇಜನ್ನು ಆಟೋದಲ್ಲಿ ಬಿಡಲಿಲ್ಲ. ಆಟೋ ಅಂದರೆ ಬೋರ್ಡ್ ತನ್ನ ಸೇಫ್ಟಿಗೆ ಅಂತ ಜಾಸ್ತಿಯೇ ಕೊಡುತ್ತದೆ, ಜಾಸ್ತಿ ಕೊಟ್ಟದ್ದೆಲ್ಲ ಬಿಸಿಯಾಗಿ ಬರುತ್ತದೆ. ಕೈಯಾರೆ ಕಡಿಮೆ ಇಟ್ಟು, ಟೆಸ್ಟ್ ಫೇಲಾದರೆ ಒಂದೊಂದೇ ಮೆಟ್ಟಿಲು ಏರಿಸಿದೆ. ಲೋಡ್ ಬಿದ್ದಾಗ ವೋಲ್ಟೇಜ್ ಕುಸಿಯುತ್ತದೆ, ಅದಕ್ಕೆ ಆ ಕುಸಿತ ತಡೆಯುವ ಲೋಡ್‌ಲೈನ್ ಕ್ಯಾಲಿಬ್ರೇಷನ್ ಮಧ್ಯದ ಹಂತಕ್ಕೆ ಇಟ್ಟೆ. ನಿಜವಾಗಿ ಎಷ್ಟು ಸಿಗುತ್ತಿದೆ ಅಂತ ನೋಡಲು ಎಚ್‌ಡಬ್ಲ್ಯೂ ಇನ್ಫೋ ತೆರೆದಿಟ್ಟಿದ್ದೆ. ಬಯಾಸ್‌ನಲ್ಲಿ ಬರೆದ ಅಂಕಿ ಒಂದು, ಲೋಡಿನಲ್ಲಿ ಸಿಗುವುದು ಇನ್ನೊಂದು.

ಟೆಸ್ಟ್ ಹೀಗೆ. ಮೊದಲು ಸಿನೆಬೆಂಚ್ ಆರ್15 (ಎಲ್ಲಾ ಕೋರ್‌ಗಳಿಂದ ಚಿತ್ರ ಬಿಡಿಸಿ ವೇಗ ಅಳೆಯುವ ಪ್ರೋಗ್ರಾಂ) ಬೆನ್ನು ಬೆನ್ನಿಗೆ ಓಡಿಸುವುದು. ಪೂರ್ತಿ ಅಸ್ಥಿರ ಇದ್ದರೆ ಅಲ್ಲೇ ಸ್ಕ್ರೀನ್ ಹೆಪ್ಪುಗಟ್ಟುತ್ತದೆ. ಅದು ದಾಟಿದರೆ ಪ್ರೊಸೆಸರನ್ನು ಭಾರೀ ಲೆಕ್ಕಗಳಿಂದ ಹಿಂಡುವ ಪ್ರೈಮ್95ನ ಸ್ಮಾಲ್ ಎಫ್‌ಎಫ್‌ಟಿ. ಇದು ನಿರ್ದಯಿ. ಮಷೀನ್ ಆರಾಮಾಗಿ ನಡೆಯುತ್ತಿದೆ ಅನಿಸುತ್ತಿರುವಾಗಲೇ ಒಂದು ವರ್ಕರ್ (ಅದರ ಲೆಕ್ಕದ ಒಂದು ಸಾಲು) ನಿಂತುಬಿಡುತ್ತದೆ, ಕಾರಣವನ್ನೂ ಬರೆಯುತ್ತದೆ: ರೌಂಡಿಂಗ್ 0.5 ಬಂತು, 0.4ಕ್ಕಿಂತ ಕಡಿಮೆ ಇರಬೇಕಿತ್ತು ಅಂತ. ಅರ್ಥ ಇಷ್ಟೇ, ಪ್ರೊಸೆಸರ್ ಲೆಕ್ಕ ತಪ್ಪಿದೆ. ಮಷೀನ್ ಹ್ಯಾಂಗ್ ಆದರೆ ಕಣ್ಣಿಗೆ ಕಾಣುತ್ತದೆ. ಹ್ಯಾಂಗ್ ಆಗದೆ ಲೆಕ್ಕ ತಪ್ಪುವ ಮಷೀನ್ ಇದೆಯಲ್ಲ, ಅದು ಇನ್ನೂ ಅಪಾಯ. ತಾಳಿ ಕಟ್ಟುವ ದೃಶ್ಯದಲ್ಲೇ ಹಸಿರು ಚೌಕ ಮೂಡಿದರೆ ಗಿರಾಕಿಗೆ ಏನು ಹೇಳೋದು? ಹಾಗಾಗಿ ಕೊನೆಗೆ ಒಂದು ಉದ್ದನೆಯ ರೀಲ್ ಎಕ್ಸ್264 ಎನ್‌ಕೋಡರ್‌ನಲ್ಲಿ ಎನ್‌ಕೋಡ್ ಮಾಡಿ, ವಿಂಡೋಸ್‌ನ ಇವೆಂಟ್ ವ್ಯೂವರ್‌ನಲ್ಲಿ ಹಾರ್ಡ್‌ವೇರ್ ಎರರ್ ಬಿದ್ದಿದೆಯಾ ಅಂತ ನೋಡುತ್ತಿದ್ದೆ.

ಬಂದ ಅಂಕಿಗಳನ್ನು ನೋಡಿ. 3.6ಕ್ಕೆ ನನ್ನ ಚಿಪ್ ಕೇಳಿದ್ದು 1.18 ವೋಲ್ಟ್. 3.7ಕ್ಕೆ 1.23. 3.8ಕ್ಕೆ 1.29. ಇಲ್ಲಿವರೆಗೆ ಮೆಟ್ಟಿಲುಗಳು ಹೆಚ್ಚುಕಡಿಮೆ ಒಂದೇ ಎತ್ತರ. 3.9ಕ್ಕೆ ಬಂದಾಗ ಒಮ್ಮೆಲೇ 1.40 ಕೇಳಿತು! 4.0ಕ್ಕೆ 1.40 ಕೊಟ್ಟರೂ ವಿಂಡೋಸ್ ಪೂರ್ತಿ ಏಳಲಿಲ್ಲ, ಅದಕ್ಕಿಂತ ಮೇಲೆ ನಾನು ಹೋಗಲಿಲ್ಲ. ನಿಮ್ಮ 1600ಕ್ಕೆ ಬೇರೆ ಅಂಕಿ ಬರುತ್ತದೆ. ಒಂದೇ ಮಾಡೆಲ್‌ನ ಎರಡು ಚಿಪ್ ಒಂದೇ ತರ ಇರಲ್ಲ, ಇದನ್ನೇ ಸಿಲಿಕಾನ್ ಲಾಟರಿ ಅನ್ನುವುದು. ಆದರೆ ಎಲ್ಲೋ ಒಂದು ಕಡೆ ಈ ಏರು ಬಂದೇ ಬರುತ್ತದೆ.

ಆ ಏರು ಎಲ್ಲಿದೆ ಅಂತ ಕಂಡುಹಿಡಿಯುವುದೇ ಇಡೀ ಕೆಲಸ ಅಂತ ನನ್ನ ಅಭಿಪ್ರಾಯ. ಯಾಕೆಂದರೆ ಚಿಪ್ ತಿನ್ನುವ ಕರೆಂಟಿನ ಲೆಕ್ಕದಲ್ಲಿ ವೇಗವನ್ನು ಒಂದು ಸಲ ಗುಣಿಸಿದರೆ, ವೋಲ್ಟೇಜನ್ನು ಎರಡು ಸಲ ಗುಣಿಸಬೇಕು. 3.8ರಿಂದ 3.9ಕ್ಕೆ ಹೋದರೆ ವೇಗ ಶೇ. 2.6 ಜಾಸ್ತಿ. ಬಿಸಿ? ವೇಗದ ಜೊತೆಗೆ ವೋಲ್ಟೇಜೂ 1.29 ಇದ್ದದ್ದು 1.40 ಆಗಿದ್ದಕ್ಕೆ ಸುಮಾರು ಶೇ. 21 ಜಾಸ್ತಿ. ಇಂಥ ವ್ಯಾಪಾರ ಯಾರು ಮಾಡ್ತಾರೆ?

ಈಗ ಬಿಸಿಲಿನ ವಿಷಯ. ಕೂಲರ್ ಯಾವತ್ತೂ ಚಿಪ್ಪನ್ನು ಕೋಣೆಗಿಂತ ತಣ್ಣಗೆ ಮಾಡಲಾರದು. ಕೋಣೆಗಿಂತ ಎಷ್ಟು ಡಿಗ್ರಿ ಮೇಲೆ ನಿಲ್ಲಿಸುತ್ತದೆ ಅನ್ನುವುದಷ್ಟೇ ಅದರ ಕೈಯಲ್ಲಿರುವುದು. ಜನವರಿ ರಾತ್ರಿ, ಕೋಣೆ 22 ಡಿಗ್ರಿ ಇದ್ದಾಗ, 3.9ರಲ್ಲಿ ಪ್ರೈಮ್95 ಓಡಿಸಿದೆ. 73 ಡಿಗ್ರಿ. ಅಂದರೆ ಕೋಣೆಗಿಂತ 51 ಮೇಲೆ. ನೋಡೋಕೆ ಚೆನ್ನಾಗೇ ಇದೆ ಅಲ್ವಾ? ಆದರೆ ಅದೇ 51ನ್ನು ಏಪ್ರಿಲ್‌ನ 40ಕ್ಕೆ ಕೂಡಿಸಿದರೆ 91. ಈ ಚಿಪ್ಪಿನ ಗರಿಷ್ಠ ಮಿತಿ 95. ಸಾಲದ್ದಕ್ಕೆ, ಬಿಸಿ ಏರಿದಷ್ಟೂ ಅದೇ ವೇಗಕ್ಕೆ ಚಿಪ್ ಇನ್ನೂ ಸ್ವಲ್ಪ ವೋಲ್ಟೇಜ್ ಕೇಳುತ್ತದೆ. ಹೀಗಾಗಿ 3.9ನ್ನು ಜನವರಿಯಲ್ಲೇ ಕೈಬಿಟ್ಟೆ. 3.8ರಲ್ಲಿ ವ್ಯತ್ಯಾಸ 42. ಏಪ್ರಿಲ್ ಮಧ್ಯಾಹ್ನ ಕಿಟಕಿ ಮುಚ್ಚಿ, ಕೋಣೆ 40 ದಾಟಿದ ಮೇಲೆ ಮತ್ತೆ ಟೆಸ್ಟ್ ಹಾಕಿದೆ. 82–83ರಲ್ಲಿ ನಿಂತಿತು. ಎನ್‌ಕೋಡಿಂಗ್‌ನಲ್ಲಿ ಪ್ರೈಮ್95ನಷ್ಟು ಬಿಸಿ ಬರಲ್ಲ, 76ರ ಆಸುಪಾಸು. ಬಿಸಿಗೆ ಅಂತ ವೋಲ್ಟೇಜನ್ನು ಒಂದು ಮೆಟ್ಟಿಲು ಮಾತ್ರ ಏರಿಸಿ, 1.30ಕ್ಕೆ ಇಟ್ಟು ಮುಗಿಸಿದೆ.

ಒಂದು ವಿಷಯವನ್ನು ಹೆಚ್ಚಿನವರು ಗಮನಿಸುವುದಿಲ್ಲ. ಹಳೆಯ ಸ್ಪೈರ್ ಕೂಲರ್ ಗಾಳಿಯನ್ನು ಕೆಳಗೆ, ಬೋರ್ಡ್ ಮೇಲೆ ಊದುತ್ತಿತ್ತು. ಸಾಕೆಟ್ ಪಕ್ಕದ ವಿಆರ್‌ಎಂಗೂ (ಪ್ರೊಸೆಸರ್‌ಗೆ ಬೇಕಾದ ವೋಲ್ಟೇಜ್ ಮಾಡಿಕೊಡುವ ಭಾಗ) ಅದರಲ್ಲಿ ಪಾಲು ಸಿಗುತ್ತಿತ್ತು. ಟವರ್ ಕೂಲರ್ ಗಾಳಿಯನ್ನು ಅಡ್ಡಕ್ಕೆ ಹಿಂದಕ್ಕೆ ತಳ್ಳುತ್ತದೆ. ಪ್ರೊಸೆಸರ್ ತಣ್ಣಗಿರುತ್ತದೆ, ಆದರೆ ಅದಕ್ಕೆ ಕರೆಂಟ್ ಕೊಡುವ ಭಾಗ ಬೇಯುತ್ತಿರುತ್ತದೆ. ಕ್ಯಾಬಿನೆಟ್‌ನ ಮೇಲ್ಭಾಗದಲ್ಲಿ, ವಿಆರ್‌ಎಂ ಮೇಲೆಯೇ ಬರುವಂತೆ ಇನ್ನೊಂದು ಫ್ಯಾನ್ ಹಾಕಿದೆ.

ಇನ್ನು ನಮ್ಮೂರಿನ ಕೆಂಪು ಧೂಳು. ಸಂಡೂರು ಕಡೆ ಗಣಿ, ಹಾದಿಯಲ್ಲೆಲ್ಲ ಅದಿರಿನ ಲಾರಿ. ಕೂಲರ್‌ನ ಅಲ್ಯೂಮಿನಿಯಂ ಎಲೆಗಳ ನಡುವೆ ಈ ಧೂಳು ಕೂತರೆ ಆ 42 ಡಿಗ್ರಿಯ ವ್ಯತ್ಯಾಸ ನಿಧಾನಕ್ಕೆ 50ರ ಕಡೆ ಹೋಗುತ್ತದೆ. ಬ್ಲೋವರ್ ಹಿಡಿಯುವಾಗ ಫ್ಯಾನ್ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ, ಇಲ್ಲಾಂದ್ರೆ ಗಾಳಿಗೆ ಅದು ಹುಚ್ಚಾಪಟ್ಟೆ ತಿರುಗಿ ಬೇರಿಂಗ್ ಹಾಳಾಗುತ್ತದೆ.

ಇಷ್ಟಕ್ಕೆಲ್ಲ ಸಿಕ್ಕಿದ್ದೇನು? 3.4ರಲ್ಲಿ ಒಂದು ಗಂಟೆ ಹಿಡಿಯುತ್ತಿದ್ದ ಎನ್‌ಕೋಡ್ ಈಗ 54 ನಿಮಿಷ. ಕೇಳೋಕೆ ಸಣ್ಣದು. ಸೀಸನ್‌ನಲ್ಲಿ ರಾತ್ರಿಯಿಡೀ ಸಾಲುಗಟ್ಟಿ ಹಾಕಿದಾಗ ಬೆಳಿಗ್ಗೆಗೆ ಮುಗಿದಿರುತ್ತದೆ, ನನಗೆ ಅಷ್ಟು ಸಾಕು. ರ‍್ಯಾಮ್ ಸರಿ ಮಾಡಿದ್ದೂ ಚೆನ್ನಾಗಿ ಕೆಲಸಕ್ಕೆ ಬಂತು. ಬಯಾಸ್‌ನಲ್ಲಿ ಎಕ್ಸ್‌ಎಂಪಿ (ತಯಾರಕರು ಬರೆದಿಟ್ಟ ವೇಗದ ಸೆಟ್ಟಿಂಗ್) ಹಾಕದೇ ಇದ್ದರೆ ಡಿಡಿಆರ್4 ರ‍್ಯಾಮ್ ಸಾಮಾನ್ಯವಾಗಿ 2133ರಲ್ಲೇ ಓಡುತ್ತಿರುತ್ತದೆ. ಅದನ್ನು 2933ಕ್ಕೆ ತಂದೆ. ರೈಜನ್‌ನಲ್ಲಿ ಕೋರ್‌ಗಳ ಗುಂಪುಗಳನ್ನು ಜೋಡಿಸುವ ಇನ್ಫಿನಿಟಿ ಫ್ಯಾಬ್ರಿಕ್ ರ‍್ಯಾಮ್ ವೇಗಕ್ಕೇ ಕಟ್ಟಿಕೊಂಡಿರುವುದರಿಂದ ಟೈಮ್‌ಲೈನ್ ಎಳೆದಾಡುವುದೂ ಹಗುರಾಯಿತು. ಮೆಮ್‌ಟೆಸ್ಟ್86 ಓಡಿಸದೆ ಮಾತ್ರ ರ‍್ಯಾಮ್ ವೇಗವನ್ನು ನಂಬಬೇಡಿ.

ಹೊಸ ರೈಜನ್ ಇದ್ದವರು ನನ್ನ ಹತ್ತಿರ ಇದೇ ಸೆಟ್ಟಿಂಗ್ ಕೇಳುತ್ತಾರೆ. ಅವರಿಗೆ ಇದು ಬೇಡ. 1600ಕ್ಕೆ 3.8 ಫಿಕ್ಸ್ ಮಾಡಿದರೆ ನಷ್ಟ ಏನಿಲ್ಲ, ಅದರ ಬೂಸ್ಟೇ 3.6. 5000 ಸಾಲಿನ ಚಿಪ್ಪುಗಳು ಒಂದೆರಡು ಕೋರ್ ಮಾತ್ರ ದುಡಿಯುವಾಗ ತಾವೇ ತುಂಬಾ ಮೇಲೆ ಹಾರುತ್ತವೆ. ಎಲ್ಲಕ್ಕೂ ಒಂದೇ ವೇಗ ಕಟ್ಟಿದರೆ ಆ ಹಾರಾಟ ಹೋಗುತ್ತದೆ. ಅಲ್ಲಿ ಕರ್ವ್ ಆಪ್ಟಿಮೈಜರ್ ಅನ್ನುವ ಬಯಾಸ್ ಸೆಟ್ಟಿಂಗ್‌ನಲ್ಲಿ ಮೈನಸ್ 10ರಿಂದ ಶುರು ಮಾಡಿ ವೋಲ್ಟೇಜ್ ಎಷ್ಟು ಇಳಿಸಬಹುದು ಅಂತ ಹುಡುಕಿ. ಟೆಸ್ಟ್ ಮಾತ್ರ ಏಪ್ರಿಲ್ ಮಧ್ಯಾಹ್ನವೇ ಹಾಕಿ.