ಲೆಕ್ಕ ಮೊದಲು ಕೈಗೆ ಬರಲಿ

"ನಮ್ಮ ಪುಟ್ಟಿ ಆಗಲೇ ನೂರರವರೆಗೆ ಹೇಳ್ತಾಳೆ" ಅಂತ ತಾಯಂದಿರು ಖುಷಿಯಿಂದ ಹೇಳುತ್ತಾರೆ. ಕೇಳಿದರೆ ನನಗೂ ಖುಷಿಯೇ. ಆದರೆ ಅದೇ ಪುಟ್ಟಿಯ ಮುಂದೆ ಡಬ್ಬಿ ಇಟ್ಟು "12 ಕಡಲೆಬೀಜ ಎಣಿಸಿ ಕೊಡು" ಅಂದು ನೋಡಿ. ಬಾಯಿ ಮುಂದೆ ಓಡುತ್ತದೆ, ಕೈ ಹಿಂದೆ ಉಳಿಯುತ್ತದೆ. ಒಂದೇ ಬೀಜಕ್ಕೆ ಎರಡು ಸಂಖ್ಯೆ ಹೇಳಿರುತ್ತಾಳೆ, ಇನ್ನೊಂದನ್ನು ಮುಟ್ಟಿಯೇ ಇರುವುದಿಲ್ಲ. ಅವಳಿಗೆ ಬಂದಿರುವುದು ಹಾಡು, ಎಣಿಕೆ ಇನ್ನೂ ಬಂದಿಲ್ಲ. ಅದರಲ್ಲಿ ಮಗುವಿನ ತಪ್ಪೇನೂ ಇಲ್ಲ. ಕೈಗೆ ಕೆಲಸ ಕೊಟ್ಟರೆ ತಾನಾಗಿ ಸರಿಹೋಗುತ್ತದೆ.

ಆ ಕೆಲಸಕ್ಕೆ ಬೇರೆ ಸಾಮಾನು ಬೇಡ. ಊಟಕ್ಕೆ ತಟ್ಟೆ ಹಾಕುವುದನ್ನು ಮಗುವಿಗೇ ಬಿಡಿ. ಐದು ಜನ, ಐದು ತಟ್ಟೆ, ಐದು ಲೋಟ. ಒಂದು ಲೋಟ ಕಡಿಮೆ ಬಿತ್ತು ಅಂದರೆ ಅದೇ ಓಡಿ ತರುತ್ತದೆ. ನೀವು ಏನೂ ಹೇಳಬೇಕಾಗಿಲ್ಲ. ಅವರೆಕಾಯಿ ಕಾಲ ಬಂದರೆ ಇನ್ನೂ ಒಳ್ಳೆಯದು. ಕಾಯಿ ಸುಲಿಯುವ ಮೊದಲು "ಇದರಲ್ಲಿ ಎಷ್ಟು ಕಾಳಿರಬಹುದು?" ಅಂತ ಕೇಳಿ. ಮೂರು ಅನ್ನುತ್ತದೆ, ನಾಲ್ಕು ಇರುತ್ತದೆ. ಮುಂದಿನ ಕಾಯಿಯನ್ನು ತಾನೇ ಬೆರಳಿಂದ ಒತ್ತಿ ನೋಡಿ ಹೇಳುತ್ತದೆ. ಕೊನೆಗೆ ಒಂದು ಹಿಡಿ ಕಾಳನ್ನು ಹತ್ತತ್ತರ ಗುಡ್ಡೆ ಮಾಡಿಸಿ. ಎರಡು ಗುಡ್ಡೆ, ಪಕ್ಕದಲ್ಲಿ ಮೂರು ಕಾಳು. ಇಪ್ಪತ್ತು, ಮೂರು, ಇಪ್ಪತ್ಮೂರು.

ಇಲ್ಲಿ ಕನ್ನಡ ನಮಗೆ ದೊಡ್ಡ ಸಹಾಯ ಮಾಡುತ್ತದೆ. ಹದಿಮೂರು ಅನ್ನುವಾಗ ಹತ್ತು ಮೊದಲು ಬರುತ್ತದೆ, ಮೂರು ಆಮೇಲೆ. ಬರೆಯುವುದೂ ಅದೇ ಸಾಲಿನಲ್ಲಿ, ಮೊದಲು 1, ಆಮೇಲೆ 3. ಇಂಗ್ಲಿಷ್‌ನ ಥರ್ಟೀನ್ ಮಗುವಿನ ಕಿವಿಗೆ ಮೂರರಿಂದ ಶುರುವಾಗುತ್ತದೆ, ಥರ್ಟಿಯೂ ಹಾಗೇ ಕೇಳಿಸುತ್ತದೆ. 13 ಬರೆ ಅಂದರೆ 31 ಬರೆಯುವ ಮಕ್ಕಳನ್ನು ನಾನು ಎಷ್ಟೋ ನೋಡಿದ್ದೇನೆ. ಇಂಗ್ಲಿಷ್ ಶಾಲೆಗೆ ಹೋಗುವ ಮಗುವಾದರೂ ಮನೆಯಲ್ಲಿ ಕನ್ನಡದಲ್ಲಿ ಎಣಿಸಲಿ. ಎರಡೂ ಬರುತ್ತದೆ, ಗೊಂದಲವಾಗುತ್ತದೆ ಅಂತ ಹೆದರಬೇಡಿ.

ಬೆರಳು ಎಣಿಸಿದರೆ ಬಯ್ಯುವವರಿದ್ದಾರೆ. ದಯವಿಟ್ಟು ಬಯ್ಯಬೇಡಿ. ನಮ್ಮ ಹಿರಿಯರು ಹೆಬ್ಬೆರಳನ್ನು ಗೆಣ್ಣಿನಿಂದ ಗೆಣ್ಣಿಗೆ ಸರಿಸಿ ಲೆಕ್ಕ ಇಡುತ್ತಿರಲಿಲ್ಲವೇ? ನಾಲ್ಕು ಬೆರಳು, ಬೆರಳಿಗೆ ಮೂರು ಗೆಣ್ಣು, ಒಂದು ಕೈಗೆ 12. ಬೆರಳು ಬೇಡವಾದ ದಿನ ಮಗು ತಾನೇ ಬಿಡುತ್ತದೆ. ನಾವು ಬಲವಂತವಾಗಿ ಬಿಡಿಸಿದರೆ ಮೇಜಿನ ಕೆಳಗೆ ಕದ್ದು ಎಣಿಸುತ್ತದೆ, ಅಷ್ಟೇ.

ಇನ್ನು ಮಗ್ಗಿ. ಇದರಲ್ಲಿ ನಾನು ಮಾಡಿದ ತಪ್ಪನ್ನು ಹೇಳಲೇಬೇಕು. ನನ್ನ ಮಗಳು ಮೂರನೇ ಕ್ಲಾಸಿನಲ್ಲಿದ್ದಾಗ ಸಂಜೆ ದೀಪ ಹಚ್ಚಿದ ಮೇಲೆ ಮಗ್ಗಿ ಹೇಳಿಸುತ್ತಿದ್ದೆ. ಏಳರ ಮಗ್ಗಿ ಬಂದರೆ ಅವಳು ತಡವರಿಸುತ್ತಿದ್ದಳು. ನಾನು ದನಿ ಏರಿಸುತ್ತಿದ್ದೆ. ಸ್ವಲ್ಪ ದಿನ ಕಳೆಯುವಷ್ಟರಲ್ಲಿ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಅವಳಿಗೆ ಹೊಟ್ಟೆನೋವು ಶುರುವಾಗತೊಡಗಿತು. ಅದು ನೆಪ ಅಲ್ಲ, ನಿಜವಾಗಿಯೂ ನೋಯುತ್ತಿತ್ತು. ಅದು ನನಗೆ ಅರ್ಥವಾಗಿದ್ದು ತುಂಬಾ ತಡವಾಗಿ.

ಮೊಮ್ಮಗಳ ಹೊತ್ತಿಗೆ ನಾನು ದಾರಿ ಬದಲಿಸಿದೆ. ಮಗ್ಗಿಯನ್ನು ಮೊದಲು ಕಣ್ಣಿಗೆ ತೋರಿಸಿದೆ. ಇಡ್ಲಿ ತಟ್ಟೆ ತೊಳೆದಿಟ್ಟಿದ್ದೆ. ಒಂದು ತಟ್ಟೆಗೆ ನಾಲ್ಕು ಗುಳಿ, ಹೀಗೆ ನಾಲ್ಕು ತಟ್ಟೆ. ನಾಲ್ಕೊಂದ್ಲ ನಾಲ್ಕು, ನಾಲ್ಕೆರಡ್ಲ ಎಂಟು ಅಂತ ಒಂದೊಂದೇ ತಟ್ಟೆ ಜೋಡಿಸಿದಳು. ನಾಲ್ಕ್ನಾಲ್ಕ್ಲ ಹದಿನಾರು ಅಂದಾಗ ಸ್ಟ್ಯಾಂಡ್ ತುಂಬಿತ್ತು. ಏಳಕ್ಕೆ ನಮ್ಮ ಪಡ್ಡಿನ ಕಾವಲಿ ಇದೆ, ನಡುವೆ ಒಂದು ಗುಳಿ, ಸುತ್ತ ಆರು. ಮೂರು ಸಲ ಹೊಯ್ದು ತೆಗೆದರೆ ಎಷ್ಟು ಪಡ್ಡು? ಬಿಸಿ ಕಾವಲಿ ಹತ್ತಿರ ಬಿಡಬೇಡಿ, ತೆಗೆದು ಹಾಕಿದ ಪಡ್ಡನ್ನು ಎಣಿಸಿದರೆ ಸಾಕು. ಗೋಡೆಯ ಕ್ಯಾಲೆಂಡರ್‌ನಲ್ಲೂ ಏಳರ ಮಗ್ಗಿ ಇದೆ. 7ನೇ ತಾರೀಕಿನ ವಾರವನ್ನೇ ಹಿಡಿದು ಹೋದರೆ 14, 21, 28 ಒಂದೇ ಸಾಲಿನಲ್ಲಿ ಸಿಗುತ್ತವೆ. ಬಾಯಿಪಾಠ ಬೇಡ ಅಂತ ನಾನು ಹೇಳುತ್ತಿಲ್ಲ. ರಾಗವಾಗಿ ಹೇಳಿದ ಮಗ್ಗಿ ಮುಪ್ಪಿನವರೆಗೂ ಜೊತೆಗಿರುತ್ತದೆ. ಆದರೆ ಮೊದಲು ಗುಳಿ, ಆಮೇಲೆ ರಾಗ.

ಆಟದ ವಿಷಯಕ್ಕೆ ಬಂದರೆ, ಅಳಗುಳಿ ಮಣೆಗಿಂತ ಒಳ್ಳೆಯ ಲೆಕ್ಕದ ಮೇಷ್ಟ್ರನ್ನು ನಾನು ಕಂಡಿಲ್ಲ. ಕರಾವಳಿಯವರು ಚೆನ್ನೆಮಣೆ ಅನ್ನುತ್ತಾರೆ, ಆಟಿ ತಿಂಗಳ ಮಳೆಯಲ್ಲಿ ಹೊರಗೆ ಹೋಗಲಾಗದೆ ಕೂತು ಆಡುತ್ತಾರೆ. ಈ ಕಡೆ ಏಳು ಗುಳಿ, ಆ ಕಡೆ ಏಳು. ಗುಳಿಗೆ ನಾಲ್ಕರಂತೆ ಹುಣಸೆಬೀಜ ಹಾಕಿದರೆ 56, ಐದರಂತೆ ಆಡುವವರಿಗೆ 70. ಒಂದು ಗುಳಿಯ ಬೀಜ ತೆಗೆದು ಮುಂದಿನ ಗುಳಿಗಳಿಗೆ ಒಂದೊಂದೇ ಹಾಕುತ್ತಾ ಹೋಗಬೇಕು. ಮೊದಲ ದಿನಗಳಲ್ಲಿ ಮಗು ಯಾವುದೋ ಗುಳಿಗೆ ಕೈ ಹಾಕುತ್ತದೆ. ಆಮೇಲೆ ಒಂದು ದಿನ ಕೈ ಹಾಕುವ ಮೊದಲು ನಿಲ್ಲುತ್ತದೆ. ಕಣ್ಣು ಮಾತ್ರ ಗುಳಿಯಿಂದ ಗುಳಿಗೆ ಹೋಗುತ್ತಿರುತ್ತದೆ. ಕೊನೆಯ ಬೀಜ ಎಲ್ಲಿ ಬೀಳುತ್ತದೆ ಅಂತ ಒಳಗೊಳಗೇ ಎಣಿಸುತ್ತಿದೆ ಅಂತ ಅರ್ಥ. ಆಗ ಮಾತಾಡಿಸಬೇಡಿ. ಮಣೆ ಇಲ್ಲದಿದ್ದರೆ ಮೊಟ್ಟೆಯ ಟ್ರೇ ಕತ್ತರಿಸಿಕೊಳ್ಳಿ.

ಚೌಕಾಬಾರವೂ ಹಾಗೇ. ಕವಡೆ ಇಲ್ಲದಿದ್ದರೆ ಎರಡು ಹುಣಸೆಬೀಜ ಒಡೆದು ನಾಲ್ಕು ಹೋಳು ಮಾಡಿ. ಬಿಳಿ ಮೈ ಎಷ್ಟು ಮೇಲೆ ಬಿತ್ತೋ ಅಷ್ಟು ಮನೆ ನಡೆಯಬೇಕು. ನಾಲ್ಕೂ ಬಿಳಿ ಬಿದ್ದರೆ ಚೌಕ, 4. ನಾಲ್ಕೂ ಕಪ್ಪು ಬಿದ್ದರೆ ಬಾರ, 8. "ನಿನ್ನ ಕಾಯಿ ಹೊಡೆಯೋಕೆ ನಂಗೆ ಮೂರು ಬೇಕು ಅಜ್ಜಿ" ಅಂತ ಮಗು ಹೇಳಿದಾಗ ಅದು ಕಳೆಯುವ ಲೆಕ್ಕ ಮಾಡಿ ಮುಗಿಸಿರುತ್ತದೆ.

ನನಗೆ ನಿಜವಾಗಿ ಚಿಂತೆ ಇರುವುದು ದುಡ್ಡಿನ ವಿಷಯದಲ್ಲಿ. ಈಗ ಅಂಗಡಿಯಲ್ಲಿ ಫೋನ್ ಹಿಡಿದು ಸ್ಕ್ಯಾನ್ ಮಾಡಿದರೆ ಮುಗಿಯಿತು. ಕೊಟ್ಟದ್ದೂ ಕಾಣುವುದಿಲ್ಲ, ವಾಪಸ್ ಬಂದ ಚಿಲ್ಲರೆಯೂ ಕಾಣುವುದಿಲ್ಲ. ನಾವು ಚಿಕ್ಕವರಿದ್ದಾಗ ಕೈಯಲ್ಲಿ ಚಿಲ್ಲರೆ ಹಿಡಿದೇ ಲೆಕ್ಕ ಕಲಿತದ್ದು. ಹಾಗಾಗಿ ವಾರಕ್ಕೊಮ್ಮೆಯಾದರೂ ನೋಟು ಕೊಟ್ಟು ಕೊತ್ತಂಬರಿ ತರಿಸಿ, ಚಿಲ್ಲರೆ ಎಣಿಸಿ ಒಪ್ಪಿಸಲಿ. ಮಳೆ ಬಂದು ಮನೆಯಲ್ಲೇ ಕೂತ ದಿನ 1, 2, 5, 10ರ ನಾಣ್ಯಗಳನ್ನು ಸುರಿದು, ಹತ್ತು ರೂಪಾಯಿಯನ್ನು ಎಷ್ಟು ಥರ ಜೋಡಿಸಬಹುದು ಅಂತ ಕೇಳಿ. 11 ಥರ ಇದೆ. ನನ್ನ ಮೊಮ್ಮಗಳು ಮೊದಲ ದಿನ ಏಳು ಹುಡುಕಿದಳು. ಉಳಿದ ನಾಲ್ಕನ್ನು ನಾನು ಹೇಳಿಕೊಡಲಿಲ್ಲ. ಮಾರನೇ ದಿನ ಹಲ್ಲುಜ್ಜುವಾಗ ಒಂದು ಹೊಳೆಯಿತು.

ಹೂವಿನವರ ಹತ್ತಿರ ಮಗುವನ್ನು ಕರೆದುಕೊಂಡು ಹೋಗಿ. ಒಂದು ಮೊಳ ಮಲ್ಲಿಗೆಯನ್ನು ಮನೆಗೆ ತಂದು ಮಗುವಿನ ಕೈಯಲ್ಲೇ ಅಳೆಸಿ. ಒಂದು ಮೊಳಕ್ಕಿಂತ ಜಾಸ್ತಿ ಬರುತ್ತದೆ! ಹೂವು ಬೆಳೆಯಿತಾ, ಮೊಳ ಚಿಕ್ಕದಾಯಿತಾ? ಎಲ್ಲರಿಗೂ ಒಂದೇ ಅಳತೆ ಯಾಕೆ ಬೇಕು, ಸ್ಕೇಲು ಯಾಕೆ ಬೇಕು ಅನ್ನುವುದು ಆಗ ತಾನಾಗಿ ತಿಳಿಯುತ್ತದೆ. ಕಾಲು, ಅರ್ಧ, ಮುಕ್ಕಾಲಿಗೆ ಸೇರು ಪಾವುಗಳು ಇನ್ನೂ ಮನೆಯಲ್ಲಿದ್ದರೆ ಹೊರಗೆ ತೆಗೆಯಿರಿ. ನಾಲ್ಕು ಪಾವು ಅಕ್ಕಿ ಸುರಿದರೆ ಸೇರು ತುಂಬುತ್ತದೆ. ಒಂದು ಪಾವು ಕಾಲು ಸೇರು, ಮೂರು ಪಾವು ಮುಕ್ಕಾಲು. ಇಲ್ಲದಿದ್ದರೆ ಲೋಟ, ಪಾತ್ರೆ ಆದೀತು.

ಮಗು ಉತ್ತರ ಹೇಳಿದಾಗ ಸರಿ, ತಪ್ಪು ಅನ್ನುವ ಮೊದಲು "ಹೇಗೆ ಗೊತ್ತಾಯ್ತು?" ಅಂತ ಕೇಳಿ. ಸರಿ ಇದ್ದಾಗಲೂ ಕೇಳಿ, ಇಲ್ಲದಿದ್ದರೆ ಆ ಪ್ರಶ್ನೆ ಬಂದರೆ ತಪ್ಪಾಗಿದೆ ಅಂತಲೇ ಮಗು ತಿಳಿದುಕೊಳ್ಳುತ್ತದೆ. 8ಕ್ಕೆ 7 ಕೂಡಿಸು ಅಂದರೆ ನಮ್ಮವಳು "ಏಳು ಏಳು ಹದಿನಾಲ್ಕು, ಇನ್ನೊಂದು" ಅಂದಳು. ಆ ದಾರಿಯನ್ನು ನಾನು ಹೇಳಿಕೊಟ್ಟಿರಲಿಲ್ಲ. ಹತ್ತು ಹದಿನೈದು ನಿಮಿಷಕ್ಕಿಂತ ಜಾಸ್ತಿ ಕೂರಿಸಬೇಡಿ, ಹಸಿವು ನಿದ್ದೆ ಇದ್ದಾಗ ಶುರುವೇ ಮಾಡಬೇಡಿ. ಮತ್ತೆ "ನಮ್ಮ ಮನೆಯವರಿಗೆಲ್ಲ ಲೆಕ್ಕ ಸ್ವಲ್ಪ ಕಷ್ಟವೇ" ಅನ್ನುವ ಮಾತನ್ನು ಮಗುವಿನ ಮುಂದೆ, ಅದರಲ್ಲೂ ಹೆಣ್ಣುಮಗುವಿನ ಮುಂದೆ, ಯಾರೂ ಆಡಬಾರದು. ಮಕ್ಕಳು ಅದನ್ನು ನಂಬಿಬಿಡುತ್ತಾರೆ.

ಮೊನ್ನೆ ಬೆಳಿಗ್ಗೆ ಅಂಗಳದಲ್ಲಿ ಚುಕ್ಕಿ ಇಡುತ್ತಿದ್ದೆ. 1, 3, 5, 7, ಮತ್ತೆ 5, 3, 1. ಮೊಮ್ಮಗಳು ಪಕ್ಕದಲ್ಲಿ ಕೂತು ಎಣಿಸಿ 25 ಅಂದಳು. ಆಮೇಲೆ ತಲೆ ಓರೆ ಮಾಡಿ ನೋಡುತ್ತಲೇ ಇದ್ದಳು. "ಅಜ್ಜಿ, ಹೀಗೆ ಓರೆಯಾಗಿ ನೋಡಿದ್ರೆ ನಾಲ್ಕು ನಾಲ್ಕರ ನಾಲ್ಕು ಸಾಲು. ಮಧ್ಯದಲ್ಲಿ ಮೂರು ಮೂರರ ಮೂರು ಸಾಲು." ಹದಿನಾರು, ಒಂಬತ್ತು. ಇಷ್ಟು ವರ್ಷ ಈ ರಂಗೋಲಿ ಹಾಕಿದ ನನಗೆ ಅದು ಕಂಡಿರಲಿಲ್ಲ. ನಾನೂ ಅವಳ ಪಕ್ಕದಲ್ಲಿ ಕೂತು ತಲೆ ಓರೆ ಮಾಡಿದೆ.