ಆಟೋಪೈಲಟ್ ಆಫ್ ಮಾಡಿ ಹಾರಿಸುವುದನ್ನು ನಾನು ರೂಢಿಸಿಕೊಂಡ ಬಗೆ

ನಾನು ಹಾರಿಸುವ ಏರ್‌ಬಸ್ ಎ320 ವಿಮಾನದಲ್ಲಿ ಟೇಕಾಫ್ ಆದ ಸ್ವಲ್ಪ ಹೊತ್ತಿಗೇ ಆಟೋಪೈಲಟ್ ಹಾಕಿ, ರನ್‌ವೇ ಹತ್ತಿರ ಬಂದ ಮೇಲೆ ತೆಗೆದರೆ ಯಾರೂ ಆಕ್ಷೇಪಿಸುವುದಿಲ್ಲ. ಹೀಗಾಗಿ ಗಂಟೆಗಟ್ಟಲೆ ಹಾರಾಟದಲ್ಲಿ ವಿಮಾನ ನಮ್ಮ ಕೈಯಲ್ಲಿರುವುದು ಕೆಲವೇ ನಿಮಿಷ. 29,000 ಅಡಿಯಿಂದ ಮೇಲೆ ವಿಮಾನಗಳ ನಡುವೆ ಎತ್ತರದ ಅಂತರ ಬರೀ 1,000 ಅಡಿ. ಅಲ್ಲಿ ಆಟೋಪೈಲಟ್ ಬೇಕೇ ಬೇಕು. ನನ್ನ ಚಿಂತೆ ಅದಕ್ಕಿಂತ ಕೆಳಗಿನ ಆಕಾಶದ್ದು. ಅಲ್ಲಿ ಅವಕಾಶ ಇದ್ದೂ ನಾವು ಬಿಟ್ಟುಕೊಡುತ್ತೇವೆ.

2014ರಲ್ಲಿ ಪ್ರಕಟವಾದ ನಾಸಾದ ಸ್ಟೀಫನ್ ಕ್ಯಾಸ್ನರ್ ಮತ್ತು ಸಂಗಡಿಗರ ಅಧ್ಯಯನ ನನ್ನನ್ನು ಯೋಚನೆಗೆ ಹಚ್ಚಿತು. ಬೋಯಿಂಗ್ 747-400 ವಿಮಾನದ ಸಿಮ್ಯುಲೇಟರ್‌ನಲ್ಲಿ ಏರ್‌ಲೈನ್ ಪೈಲಟ್‌ಗಳನ್ನು ಪರೀಕ್ಷಿಸಿದಾಗ ಅವರ ಕೈಚಳಕಕ್ಕೆ ಅಲ್ಪಸ್ವಲ್ಪ ತುಕ್ಕು ಹಿಡಿದಿತ್ತು, ಅಷ್ಟೇ. ಹೆಚ್ಚು ಸವೆದಿದ್ದದ್ದು ತಲೆಯ ಕೆಲಸ: ವಿಮಾನ ಈಗ ಎಲ್ಲಿದೆ, ಮುಂದೇನು ಮಾಡಬೇಕು, ಯಾವ ಉಪಕರಣ ಕೈಕೊಟ್ಟಿದೆ ಎಂಬ ಲೆಕ್ಕ. ಎ320ಗೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಪಕ್ಕದಲ್ಲಿರುವ ನಿಯಂತ್ರಣ ಕೋಲು, ಅಂದರೆ ಸೈಡ್‌ಸ್ಟಿಕ್ ಬಿಟ್ಟರೂ ವಿಮಾನ ಇದ್ದ ದಾರಿಯಲ್ಲೇ ಹೋಗುತ್ತದೆ, ಟ್ರಿಮ್ (ಮೂಗು ತಾನಾಗಿ ಏರಿಳಿಯದಂತೆ ಸಮತೋಲನ ಹೊಂದಿಸುವುದು) ತಾನೇ ಆಗುತ್ತದೆ. ಮೂಗು ಎತ್ತ ತಿರುಗಿಸಬೇಕೆಂದು ಪರದೆಯ ಮೇಲೆ ತೋರಿಸುವ ಫ್ಲೈಟ್ ಡೈರೆಕ್ಟರ್‌ನ ಹಸಿರು ಗೆರೆಗಳನ್ನು ಹಿಂಬಾಲಿಸಿಕೊಂಡು ಹಾರಿಸಿದರೆ ಬೆರಳಿಗೆ ವ್ಯಾಯಾಮವಾದೀತು, ಕಣ್ಣಿಗಲ್ಲ. ಅದಕ್ಕೇ ನಾನು ಅಭ್ಯಾಸಕ್ಕೆ ಕೂತರೆ ಮೂರನ್ನೂ ತೆಗೆಯುತ್ತೇನೆ: ಆಟೋಪೈಲಟ್, ಇಬ್ಬರು ಪೈಲಟ್‌ಗಳ ಫ್ಲೈಟ್ ಡೈರೆಕ್ಟರ್, ಎಂಜಿನ್ ಶಕ್ತಿಯನ್ನು ತಾನೇ ಹೊಂದಿಸುವ ಆಟೋಥ್ರಸ್ಟ್.

ದಿನ ನೋಡಿ ಮಾಡುತ್ತೇನೆ. ಹವಾಮಾನ ತಿಳಿಯಾಗಿರಬೇಕು, ದಟ್ಟಣೆ ಕಡಿಮೆ ಇರಬೇಕು, ಇಬ್ಬರಿಗೂ ದಣಿವಿರಬಾರದು, ಕಂಪನಿಯ ನಿಯಮ ಒಪ್ಪಬೇಕು. ಇಳಿಯುವ ಮೊದಲೇ ಬ್ರೀಫಿಂಗ್‌ನಲ್ಲಿ ಹೇಳಿಬಿಡುತ್ತೇನೆ. ನಾನು ಕೈಯಲ್ಲಿ ಹಾರಿಸಿದಷ್ಟೂ ಪಕ್ಕದವರ ಕೆಲಸ ಹೆಚ್ಚುತ್ತದೆ. ರೇಡಿಯೋ, ಫ್ಲ್ಯಾಪ್ (ರೆಕ್ಕೆಯ ಹಿಂಬದಿಯಿಂದ ಇಳಿಸುವ ಹಲಗೆ), ಹೆಡಿಂಗ್ (ಮೂಗಿನ ದಿಕ್ಕು) ಬದಲಾಯಿಸುವುದು ಎಲ್ಲ ಅವರ ಮೇಲೇ ಬೀಳುತ್ತದೆ, ಜೊತೆಗೆ ನನ್ನ ಮೇಲೆ ನಿಗಾ ಬೇರೆ. ಇಬ್ಬರಲ್ಲಿ ಯಾರೇ ಸಾಕು ಅಂದರೂ ಆಟೋಪೈಲಟ್ ಮತ್ತೆ ಆನ್. ಆ ಬಗ್ಗೆ ಚರ್ಚೆ ಇಲ್ಲ.

ಆಟೋಥ್ರಸ್ಟ್ ತೆಗೆಯುವ ಗಳಿಗೆ ನಾಜೂಕಿನದು. ಎಂಜಿನ್ ಶಕ್ತಿ ನಿಯಂತ್ರಿಸುವ ಥ್ರಸ್ಟ್ ಲಿವರ್‌ಗಳು ಕ್ಲೈಂಬ್ (ಮೇಲೇರುವಾಗಿನ ಶಕ್ತಿಯ) ಸ್ಥಾನದಲ್ಲೇ ಕೂತಿರುತ್ತವೆ, ಎಂಜಿನ್ ಶಕ್ತಿ ಏರಿಳಿದರೂ ಅವು ಅಲುಗುವುದಿಲ್ಲ. ಹಾಗೆಯೇ ಆಟೋಥ್ರಸ್ಟ್ ತೆಗೆಯುವ ಬಟನ್ ಒತ್ತಿದರೆ ಇಳಿಯುತ್ತಿರುವ ವಿಮಾನದ ಎಂಜಿನ್‌ಗಳು ಕ್ಲೈಂಬ್ ಶಕ್ತಿಗೆ ಏರಿಬಿಡುತ್ತವೆ. ಆದ್ದರಿಂದ ಎನ್1 (ಎಂಜಿನ್ ಫ್ಯಾನ್ ತಿರುಗುವ ವೇಗ, ಶೇಕಡಾದಲ್ಲಿ) ಡಯಲ್ ನೋಡುತ್ತಾ ಲಿವರ್‌ಗಳನ್ನು ಹಿಂದಕ್ಕೆ ತರುತ್ತೇನೆ. ಅವುಗಳ ಸ್ಥಾನ ತೋರಿಸುವ ಪುಟ್ಟ ನೀಲಿ ಉಂಗುರ ಈಗಿನ ಶಕ್ತಿಯ ಮುಳ್ಳಿಗೆ ಹೊಂದಿಕೊಂಡ ಮೇಲೆ ಕೆಂಪು ಬಟನ್ ಒತ್ತುತ್ತೇನೆ. ಸರಿಯಾಗಿ ಮಾಡಿದರೆ ಎಂಜಿನ್ ಸದ್ದಿನಲ್ಲಿ ಏನೂ ಬದಲಾಗುವುದಿಲ್ಲ.

ಅಲ್ಲಿಂದ ಎಲ್ಲವೂ ಪಿಚ್ (ಮೂಗು ಏರಿಳಿದಿರುವ ಕೋನ) ಮತ್ತು ಪವರ್. ಚಕ್ರಗಳ ಗೇರ್ ಇಳಿಸಿ, ಫ್ಲ್ಯಾಪ್ ಪೂರ್ತಿ ಹಾಕಿದ ಮೇಲೆ ಮೂಗು ದಿಗಂತಕ್ಕಿಂತ ಸುಮಾರು ಮೂರು ಡಿಗ್ರಿ ಮೇಲೆ, ಎನ್1 ಶೇ. 50ರ ಆಸುಪಾಸು, ತೂಕ, ಗಾಳಿ ನೋಡಿಕೊಂಡು ಸ್ವಲ್ಪ ಆಚೀಚೆ. ನೆಲವೇಗ 140 ನಾಟ್ ಇದ್ದರೆ ಅದನ್ನು ಐದರಿಂದ ಗುಣಿಸಿ: ನಿಮಿಷಕ್ಕೆ 700 ಅಡಿ ಇಳಿದರೆ ಮೂರು ಡಿಗ್ರಿ ಇಳಿಜಾರು ಹೆಚ್ಚುಕಡಿಮೆ ಸಿಕ್ಕಿತು. ಆ ವೇಗದಲ್ಲಿ ವಿಮಾನದ ದಾರಿ ಒಂದು ಡಿಗ್ರಿ ಬದಲಾದರೆ ಇಳಿಯುವ ದರದಲ್ಲಿ ಸುಮಾರು 250 ಅಡಿ ವ್ಯತ್ಯಾಸ. ಹಾಗಾಗಿ ತಿದ್ದುಪಡಿ ಅರ್ಧ ಡಿಗ್ರಿಯಷ್ಟೇ ಸಾಕು. ಕಣ್ಣು ಕೃತಕ ದಿಗಂತದಿಂದ ಲೋಕಲೈಸರ್‌ಗೆ (ರನ್‌ವೇಯ ನೇರಕ್ಕಿದ್ದೇವೆಯೇ ಎಂದು ತೋರಿಸುವ ಸೂಜಿ), ಮತ್ತೆ ದಿಗಂತಕ್ಕೆ, ಅಲ್ಲಿಂದ ವೇಗಕ್ಕೆ, ಮತ್ತೆ ದಿಗಂತಕ್ಕೆ ಬರುತ್ತಲೇ ಇರಬೇಕು. ಮೊದಲ ದಿನಗಳಲ್ಲಿ ಇದು ಬಹಳ ದಣಿಸುತ್ತದೆ. ಕ್ರಮೇಣ ಸೂಜಿ ಸರಿಯುವ ಮುನ್ನವೇ ಅದು ಎತ್ತ ಸರಿಯಲಿದೆ ಎಂದು ಗೊತ್ತಾಗತೊಡಗುತ್ತದೆ. ಅಭ್ಯಾಸ ಮಾಡುವುದೇ ಆ ಅರಿವಿಗಾಗಿ.

ಇದು ಹವ್ಯಾಸದ ಮಾತಲ್ಲ. 2013ರ ಜುಲೈನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆಕಾಶ ಶುಭ್ರವಾಗಿತ್ತು, ಇಳಿಯುವ ಇಳಿಜಾರು ತೋರಿಸುವ ರೇಡಿಯೋ ಸಂಕೇತ ಗ್ಲೈಡ್‌ಸ್ಲೋಪ್ ಮಾತ್ರ ಬಂದ್ ಆಗಿತ್ತು. ಅಲ್ಲಿ ಇಳಿಯುತ್ತಿದ್ದ ಏಷಿಯಾನಾ 214 ವಿಮಾನದ ವೇಗವನ್ನು ಆಟೋಥ್ರಾಟಲ್ (ಆಟೋಥ್ರಸ್ಟ್‌ನಂಥದೇ ವ್ಯವಸ್ಥೆ) ನೋಡಿಕೊಳ್ಳುತ್ತಿದೆ ಎಂದು ಪೈಲಟ್‌ಗಳು ನಂಬಿದ್ದರು. 137 ನಾಟ್ ಇರಬೇಕಾದ ವೇಗ 103ಕ್ಕೆ ಕುಸಿಯಿತು. ಮೂವರು ಸತ್ತರು. 2009ರ ಜೂನ್ 1ರಂದು ಏರ್ ಫ್ರಾನ್ಸ್ 447ರಲ್ಲಿ ವೇಗ ಅಳೆಯುವ ಪಿಟೋ ನಳಿಕೆಗೆ ಹಿಮ ಕಟ್ಟಿ ಆಟೋಪೈಲಟ್ ಕಳಚಿಕೊಂಡಿತು. ವೇಗದ ರೀಡಿಂಗ್ ಸುಮಾರು ಒಂದು ನಿಮಿಷದಲ್ಲಿ ಸರಿಹೋಯಿತು, ಆದರೆ ಅಷ್ಟರಲ್ಲಿ ಮೂಗು ಎತ್ತಿ 38,000 ಅಡಿವರೆಗೆ ಏರಿದ್ದ ವಿಮಾನ ಸ್ಟಾಲ್‌ಗೆ (ರೆಕ್ಕೆಗಳು ಎತ್ತುವ ಬಲ ಕಳೆದುಕೊಳ್ಳುವ ಸ್ಥಿತಿ) ಸಿಲುಕಿತ್ತು. 228 ಜನ ಹೋದರು. ಆ ಎತ್ತರದಲ್ಲಿ ಮಟ್ಟಸ ಹಾರಾಟಕ್ಕೆ ಬೇಕಾದ ಪಿಚ್ ಮತ್ತು ಪವರ್ ತಲೆಯಲ್ಲಿ ಸಿದ್ಧವಾಗಿದ್ದರೆ ವೇಗ ಕಾಣದಿದ್ದರೂ ವಿಮಾನವನ್ನು ಹಿಡಿದಿಡಲು ಸಾಧ್ಯ.

ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ 2013ರ ಜನವರಿಯಲ್ಲೇ, ಸೂಕ್ತವಾದಾಗ ಕೈಯಿಂದ ಹಾರಿಸಲು ಉತ್ತೇಜನ ಕೊಡಿ ಎಂದು ಏರ್‌ಲೈನ್‌ಗಳಿಗೆ ಹೇಳಿತ್ತು. ಸಿಮ್ಯುಲೇಟರ್ ಸಮಯವೆಲ್ಲ ಎಂಜಿನ್ ವೈಫಲ್ಯ, ಚೆಕ್‌ಲಿಸ್ಟ್‌ಗಳಲ್ಲೇ ಮುಗಿದುಹೋಗುತ್ತದೆ. ಕೊನೆಗೆ ಸಮಯ ಉಳಿದರೆ ಅಡ್ಡಗಾಳಿಯಲ್ಲಿ ಫ್ಲೈಟ್ ಡೈರೆಕ್ಟರ್ ಇಲ್ಲದ ಅಪ್ರೋಚ್ (ಇಳಿಯಲು ರನ್‌ವೇ ಸಮೀಪಿಸುವುದು) ಒಂದನ್ನು ನಾನೇ ಕೇಳಿ ಪಡೆಯುತ್ತೇನೆ. ತರಬೇತುದಾರರು ಕೇಳದೆಯೇ ಕೊಡಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ.

ಮಳೆ, ಮೋಡ, ದಣಿವು ಇರುವ ದಿನ ಆಟೋಪೈಲಟ್ ಮುಟ್ಟುವುದಿಲ್ಲ. ಆದರೂ ಅಭ್ಯಾಸ ನಿಲ್ಲಿಸುವುದಿಲ್ಲ. ಫ್ಲ್ಯಾಪ್ ಬದಲಾದಾಗ, ಮಟ್ಟಸವಾದಾಗ, ಡಯಲ್ ನೋಡುವ ಮೊದಲು ಪಿಚ್ ಎಷ್ಟಿರಬೇಕು, ಎನ್1 ಎಷ್ಟಿರಬೇಕು ಎಂದು ಮನಸ್ಸಿನಲ್ಲೇ ಅಂದಾಜು ಕಟ್ಟಿ, ಆಮೇಲೆ ನೋಡುತ್ತೇನೆ. ಹೊಸ ಫಸ್ಟ್ ಆಫೀಸರ್‌ಗಳಿಗೆ (ಸಹ ಪೈಲಟ್‌ಗಳಿಗೆ) ನಾನು ಮೊದಲು ಹೇಳಿಕೊಡುವುದೂ ಇದನ್ನೇ. ಅಂದಾಜು ಸತತವಾಗಿ ಹೊಂದತೊಡಗಿದ ಮೇಲೆ, ತಿಳಿಯಾದ ದಿನವೊಂದನ್ನು ನೋಡಿ, ಮೂರನ್ನೂ ತೆಗೆಯಲು ಹೇಳುತ್ತೇನೆ.