ಪರೀಕ್ಷೆಗೆ ಬಂದ ಗಂಡಸನ್ನು ಹೀಗೆ ಮಾತಾಡಿಸಿ

ಎಚ್‌ಐವಿ ಪರೀಕ್ಷಾ ಕೇಂದ್ರದಲ್ಲಿ ಹೊಸದಾಗಿ ಕೌನ್ಸೆಲಿಂಗ್‌ಗೆ ಕೂರುವವರಿಗೆ ನಾನು ಮೊದಲು ಹೇಳುವುದು ಬಾಗಿಲು ಹಾಕಿಕೊಳ್ಳಿ ಅಂತ. ಸಾಲಿನಲ್ಲಿ ಕೂತವರಿಗೆ ಒಳಗಿನ ಒಂದು ಮಾತೂ ಕೇಳಬಾರದು. ಅದರಲ್ಲೂ ಲೈಂಗಿಕ ವೃತ್ತಿಯಲ್ಲಿರುವ ಗಂಡಸಿಗೆ, ದುಡ್ಡಿಗಾಗಿ ಮಲಗುತ್ತಾನೆ ಅನ್ನುವುದು ಗೊತ್ತಾದರೆ ಅಂತ ಒಂದು ಭಯ, ಗಂಡಸರ ಜೊತೆ ಅನ್ನುವುದು ಗೊತ್ತಾದರೆ ಅಂತ ಇನ್ನೊಂದು. ನರ್ಸ್ ಒಬ್ಬರು ನಕ್ಕರು ಅಂತ ವರ್ಷಗಟ್ಟಲೆ ಆಸ್ಪತ್ರೆ ಮೆಟ್ಟಿಲು ಹತ್ತದವರನ್ನು ನಾನು ಕಂಡಿದ್ದೇನೆ.

"ಮದುವೆ ಆಗಿದೆಯಾ?" ಅಂತ ಶುರು ಮಾಡಬೇಡಿ. "ಹೂಂ" ಅಂತಾರೆ, ಮಾತು ಅಲ್ಲಿಗೇ ನಿಲ್ಲುತ್ತೆ. ನಾನು ಕೇಳುವುದು ಹೀಗೆ: "ಇಲ್ಲಿಗೆ ಬರೋ ಎಲ್ಲರನ್ನೂ ಇದನ್ನೇ ಕೇಳ್ತೀನಿ. ಸಂಪರ್ಕ ಹೆಂಗಸರ ಜೊತೆಯಾ, ಗಂಡಸರ ಜೊತೆಯಾ, ಇಬ್ಬರ ಜೊತೆನೂ ಇದೆಯಾ? ಬಾಯಲ್ಲಿಯಾ, ಗುದದ್ವಾರದಲ್ಲಿಯಾ?" ಕೇಳಿ ಸುಮ್ಮನಿರಿ. "ನನ್ನ ಫ್ರೆಂಡ್ ಒಬ್ಬ ಇದಾನೆ ಮೇಡಂ..." ಅಂದರೆ ಆ ಫ್ರೆಂಡ್‌ಗೇ ಪೂರ್ತಿ ಉತ್ತರ ಕೊಡಿ. "ನೀವೇ ತಾನೇ?" ಅಂದಿರೋ, ಅವರು ಮತ್ತೆ ಬರುವುದಿಲ್ಲ.

ಇಷ್ಟೆಲ್ಲ ಕೇಳುವುದಕ್ಕೆ ಕಾರಣವಿದೆ. ಗಂಟಲಲ್ಲೋ ಗುದದ್ವಾರದಲ್ಲೋ ಕೂತ ಗನೋರಿಯಾ, ಕ್ಲಮೀಡಿಯಾ ಅನ್ನುವ ಲೈಂಗಿಕ ಸೋಂಕುಗಳು ಎಷ್ಟೋ ಸಲ ನೋವು, ಉರಿ ಏನನ್ನೂ ತೋರಿಸುವುದಿಲ್ಲ. ಮೂತ್ರ ಪರೀಕ್ಷೆಯಲ್ಲಿ ಅವು ಸಿಗುವುದೂ ಇಲ್ಲ, ಆಯಾ ಜಾಗದಿಂದಲೇ ಹತ್ತಿಕಡ್ಡಿಯಲ್ಲಿ ಮಾದರಿ (ಸ್ವಾಬ್) ತೆಗೆಯಬೇಕು. ಗುದದ್ವಾರದಲ್ಲಿ ಆ ಸೋಂಕಿದ್ದರೆ ಎಚ್‌ಐವಿ ಒಳಹೋಗುವುದು ಇನ್ನೂ ಸುಲಭ. ಅವರು ನಾಚಿಕೆಗೆ ಬಾಯಿ ಬಿಡದೆ, ನೀವು ಮುಜುಗರಕ್ಕೆ ಕೇಳದೆ ಹೋದರೆ ಕಾಯಿಲೆ ಅಲ್ಲೇ ಉಳಿಯುತ್ತೆ.

"ಕಾಂಡೋಮ್ ಹಾಕಿ" ಅಂತ ಬುದ್ಧಿ ಹೇಳಿ ಕಳಿಸಬೇಡಿ. ಕಾಂಡೋಮ್ ಬೇಡ ಅನ್ನುವ ಗಿರಾಕಿ ಜಾಸ್ತಿ ದುಡ್ಡು ಕೊಡ್ತೀನಿ ಅಂತಾನೆ, ಇಲ್ಲವೇ ಹೊಡೆಯುತ್ತಾನೆ. ಜೇಬಲ್ಲಿ ಕಾಂಡೋಮ್ ಸಿಕ್ಕರೆ ಅದನ್ನೇ ಸಾಕ್ಷಿ ಮಾಡಿಕೊಳ್ಳುವ ಪೊಲೀಸರೂ ಇದ್ದಾರೆ. ಬರೀ ಬುದ್ಧಿಮಾತಿನ ಬದಲು, ಕಾಂಡೋಮ್ ಜೊತೆಗೆ ಜಾರಿಕೆಗೆ ನೀರಿನಂಶದ ಜೆಲ್ಲನ್ನೂ ಕೊಡಿ. ಎಣ್ಣೆ, ವ್ಯಾಸಲೀನ್ ತಾಗಿದರೆ ಕಾಂಡೋಮಿನ ಲೇಟೆಕ್ಸ್ ರಬ್ಬರ್ ಹರಿಯುತ್ತೆ ಅನ್ನುವುದನ್ನು ಬಿಡಿಸಿ ಹೇಳಿ. ಹರಿದರೆ, ಅಥವಾ ಬಲವಂತವಾದರೆ, 72 ಗಂಟೆಯೊಳಗೆ ಎಚ್‌ಐವಿ ತಗುಲದಂತೆ ತಡೆಯುವ ಪೆಪ್ ಮಾತ್ರೆ ಶುರುವಾಗಬೇಕು, 28 ದಿನ ನುಂಗಬೇಕು. ಎಷ್ಟು ಬೇಗ ಬಂದರೆ ಅಷ್ಟು ಒಳ್ಳೆಯದು.

ಎಚ್‌ಐವಿ ಬಾರದಂತೆ ಮುಂಚಿತವಾಗಿಯೇ ತೆಗೆದುಕೊಳ್ಳುವ ಪ್ರೆಪ್ ಔಷಧಿ ಗಿರಾಕಿಯ ಒಪ್ಪಿಗೆಗೆ ಕಾಯುವುದಿಲ್ಲ, ಅದಕ್ಕೇ ನನಗೆ ಅದರ ಮೇಲೆ ಅಷ್ಟು ಭರವಸೆ. ಅಪಾಯ ಹೆಚ್ಚಿರುವ ಎಲ್ಲರಿಗೂ ಅದನ್ನು ಕೊಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಶುರು ಮಾಡುವ ಮುಂಚೆ ಎಚ್‌ಐವಿ ಇಲ್ಲವೆಂದು ಖಚಿತವಾಗಿರಬೇಕು. ಮಾತ್ರೆ ಡಬ್ಬಿ ಮನೆಯವರ ಕಣ್ಣಿಗೆ ಬಿದ್ದರೆ ಅನ್ನುವವರಿಗೆ, ಆರು ತಿಂಗಳಿಗೊಮ್ಮೆ ಚುಚ್ಚುವ ಲೆನಕಾಪವಿರ್ ಇಂಜೆಕ್ಷನ್ ಬಂದಿದೆ. ಅದನ್ನೂ ಸಂಸ್ಥೆ 2025ರಲ್ಲಿ ಶಿಫಾರಸು ಮಾಡಿದೆ. ನಿಮ್ಮಲ್ಲಿ ಸಿಗುತ್ತದೆಯೇ ಎಂದು ವಿಚಾರಿಸಿಟ್ಟುಕೊಂಡಿರಿ.

ಫಲಿತಾಂಶ ಪಾಸಿಟಿವ್ ಬಂದರೆ ಚಿಕಿತ್ಸೆ ಅವತ್ತೇ ಶುರುವಾಗುವಂತೆ ನೋಡಿ. ಮಾತ್ರೆ ತಪ್ಪದೆ ನುಂಗಿ ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದರೆ, ಸಂಭೋಗದಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ಈ ಮಾತನ್ನು ನಿಧಾನವಾಗಿ, ಎರಡು ಸಲ ಹೇಳಿ. ಮೊದಲ ಸಲ ಅವರ ಕಿವಿಗೆ ಏನೂ ಬಿದ್ದಿರುವುದಿಲ್ಲ.

ನೆಗೆಟಿವ್ ಬಂದವರಿಗೆ ಮತ್ತೆ ಪರೀಕ್ಷೆಗೆ ಬರಲು ಮೂರು ತಿಂಗಳ ನಂತರದ ತಾರೀಕು ಚೀಟಿಯಲ್ಲಿ ಬರೆದುಕೊಡಿ. ಬರೀ ತಾರೀಕು, ಸಮಯ. ಬೇರೆಯವರ ಕೈಗೆ ಸಿಕ್ಕರೂ ಏನೆಂದು ಗೊತ್ತಾಗಬಾರದು.